ವಾಟರ್ ಪಂಪ್ ಬದಲಾಯಿಸಿದ ಮೇಲೆ ಎಂಜಿನ್ ಆಯಿಲ್ ಸೋರುತ್ತಿದೆಯೇ? ಎಲ್ಲಿಂದ ಹುಡುಕಬೇಕು

ವಾಟರ್ ಪಂಪ್‌ನ ಒಳಗೆ ಎಂಜಿನ್ ಆಯಿಲ್ ಹರಿಯುವುದಿಲ್ಲ. ಅಲ್ಲಿ ಓಡಾಡುವುದು ಕೂಲೆಂಟ್, ಅಂದರೆ ಎಂಜಿನ್ನನ್ನು ತಂಪಾಗಿಸುವ ದ್ರವ ಮಾತ್ರ. ಆದ್ದರಿಂದ ಹೊಸ ಪಂಪ್ ಹಾಕಿಸಿಕೊಂಡು ಬಂದ ಕಾರಿನ ಕೆಳಗೆ ಮಾರನೆಯ ದಿನ ಎಣ್ಣೆಯ ಕಲೆ ಕಂಡರೆ, ಪಂಪೇ ಸರಿಯಿಲ್ಲವೆಂದು ಅದನ್ನು ಮತ್ತೆ ಬಿಚ್ಚಿಸುವುದು ಸಾಮಾನ್ಯವಾಗಿ ವ್ಯರ್ಥ ಖರ್ಚು. ಕೇಳಬೇಕಾದ ಪ್ರಶ್ನೆಗಳು ಬೇರೆ. ಪಂಪನ್ನು ತಲುಪಲು ಮೆಕ್ಯಾನಿಕ್ ಏನೇನು ಬಿಚ್ಚಿದರು? ಯಾವುದನ್ನು ಎಳೆದು ಪಕ್ಕಕ್ಕೆ ಸರಿಸಿದರು? ಜಾಕ್ ಎಲ್ಲಿ ಕೊಟ್ಟರು? ಹಳೆಯ ಪಂಪ್ ಕೈಕೊಟ್ಟಾಗ ಎಂಜಿನ್ ಎಷ್ಟು ಕಾದಿತ್ತು? ಸೋರಿಕೆಯ ಮೂಲ ಬಹುಪಾಲು ಈ ಉತ್ತರಗಳಲ್ಲೇ ಇರುತ್ತದೆ.

ನಾನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಹಳೆಯ ಮಾರುತಿಗಳ ಪೆಟ್ರೋಲ್ ಎಂಜಿನ್: 1993ರಲ್ಲಿ ಬಂದ ಝೆನ್, 1994ರ ಎಸ್ಟೀಮ್, ಆಮೇಲೆ ಬಂದ ಜಿಪ್ಸಿ ಕಿಂಗ್. ಸುಝುಕಿಯ ಜಿ ಸರಣಿಯ ಈ ಎಂಜಿನ್‌ಗಳು ನಮ್ಮ ಊರುಗಳಲ್ಲಿ, ಮಲೆನಾಡಿನ ತೋಟದ ದಾರಿಗಳಲ್ಲಿ ಇನ್ನೂ ದುಡಿಯುತ್ತಿವೆ. ಇವುಗಳಲ್ಲಿ ವಾಟರ್ ಪಂಪ್ ತಿರುಗುವುದು ಆಲ್ಟರ್ನೇಟರ್ ಬೆಲ್ಟ್‌ನಿಂದ. ಆದರೂ ಅದನ್ನು ಹೊರತೆಗೆಯಬೇಕಾದರೆ ಕ್ರ್ಯಾಂಕ್ ಪುಲ್ಲಿ, ಟೈಮಿಂಗ್ ಕವರ್, ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವ ಹಲ್ಲಿನ ಬೆಲ್ಟ್), ಅದನ್ನು ಬಿಗಿಯಾಗಿಡುವ ಟೆನ್ಷನರ್ ಎಲ್ಲವೂ ಬಿಚ್ಚಬೇಕು; ಜೊತೆಗೆ ಆಲ್ಟರ್ನೇಟರ್ ಬ್ರಾಕೆಟ್ ಮತ್ತು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇಳಿಯುವ ಕೊಳವೆ. ಒಂದು ಪಂಪ್‌ಗಾಗಿ ಎಂಜಿನ್‌ನ ಒಂದಿಡೀ ಪಕ್ಕ ಬರಿದಾಗುತ್ತದೆ. ಟೈಮಿಂಗ್ ಬೆಲ್ಟ್ ಇರುವ ಬೇರೆ ಕಾರುಗಳಿಗೂ ಮುಂದಿನ ಮಾತು ಬಹುಮಟ್ಟಿಗೆ ಹೊಂದುತ್ತದೆ.

ಕೈ ಹಾಕುವ ಮುನ್ನ

ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ರೇಡಿಯೇಟರ್‌ನ ಮುಚ್ಚಳವನ್ನು ಯಾವ ಕಾರಣಕ್ಕೂ ತಿರುಗಿಸಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ರೇಡಿಯೇಟರ್ ಫ್ಯಾನ್ ವಿದ್ಯುತ್ತಿನದಾದರೆ ಎಂಜಿನ್ ನಿಂತಿದ್ದರೂ ತಾನಾಗಿಯೇ ತಿರುಗಬಹುದು, ಹಾಗಾಗಿ ಕೀ ತೆಗೆದಿಡಿ. ಎಂಜಿನ್ ಓಡಿಸಿ ನೋಡುವಾಗ ದುಪಟ್ಟಾ, ಸೆರಗು, ಪಂಚೆಯ ಅಂಚು, ಸಡಿಲ ತೋಳು ಬೆಲ್ಟ್‌ಗಳ ಹತ್ತಿರ ಸುಳಿಯಬಾರದು. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ.

ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಲ್ಲವೆಂದರೆ ಕೆಳಗಿನ ಕೆಲಸ ಗ್ಯಾರೇಜಿನದು, ನಿಮ್ಮದಲ್ಲ. ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ: ನೆಲಕ್ಕೆ ಚೆಲ್ಲಿದ ಕೂಲೆಂಟ್‌ಗೆ ಸಿಹಿ ರುಚಿ ಇರುತ್ತದೆ, ಆದರೆ ಅದು ವಿಷ. ಬೀದಿ ನಾಯಿಗಳು ನೆಕ್ಕುತ್ತವೆ, ಮಕ್ಕಳು ಬೆರಳಾಡಿಸುತ್ತಾರೆ. ಕಂಡ ಕೂಡಲೇ ನೀರು ಸುರಿದು ತೊಳೆದುಬಿಡಿ.

ಕಲೆ ಇದೆ, ಆದರೆ ಆಯಿಲ್ ಹೌದೋ ಅಲ್ಲವೋ ತಿಳಿಯುತ್ತಿಲ್ಲ

ಒಂದು ಬಿಳಿ ಬಟ್ಟೆ ಅಥವಾ ಟಿಶ್ಯೂ ಕಾಗದ ಸಾಕು, ಖರ್ಚಿಲ್ಲ. ತೊಟ್ಟನ್ನು ಅದರ ಮೇಲೆ ಹಿಡಿಯಿರಿ. ಕಂದು ಅಥವಾ ಕಪ್ಪು ಬಣ್ಣವಿದ್ದು, ಬೆರಳ ನಡುವೆ ಜಾರುತ್ತಾ, ಎಷ್ಟು ಹೊತ್ತಾದರೂ ಒಣಗದಿದ್ದರೆ ಎಂಜಿನ್ ಆಯಿಲ್. ಹಸಿರು, ಕೆಂಪು ಅಥವಾ ನೀಲಿ ಬಣ್ಣ ನೀರಿನಂತೆ ಹರಡಿ, ಒಣಗಿದ ಮೇಲೆ ಅಂಟಂಟಾಗಿ ಉಳಿದರೆ ಕೂಲೆಂಟ್. ಆಗ ನಿಮ್ಮ ಹುಡುಕಾಟ ಪಂಪ್‌ನ ಪ್ಯಾಕಿಂಗ್ (ಜೋಡಣೆಯ ಸಂದಿನಲ್ಲಿ ಸೋರದಂತೆ ಇಡುವ ಗ್ಯಾಸ್ಕೆಟ್), ಹೋಸ್ ಕ್ಲಿಪ್‌ಗಳ ಕಡೆಗೆ ತಿರುಗಬೇಕು. ಪಂಪ್‌ನ ಕೆಳಭಾಗದಲ್ಲಿರುವ ಸಣ್ಣ ರಂಧ್ರದಿಂದ ಕೂಲೆಂಟ್ ಸತತವಾಗಿ ಬರುತ್ತಿದ್ದರೆ ಒಳಗಿನ ಸೀಲ್ ಹೋಗಿದೆ ಎಂದರ್ಥ. ಹೊಸ ಪಂಪ್ ಆದರೂ ಅದನ್ನು ಮರಳಿಸಬೇಕು.

ಪವರ್ ಸ್ಟಿಯರಿಂಗ್ ಇರುವ ಕಾರಾದರೆ ಕೆಂಪು ಎಣ್ಣೆಯೂ ಇರಬಹುದು. ಬೆಲ್ಟ್ ಬಿಚ್ಚುವಾಗ ಆ ಪಂಪ್‌ನ ಹೋಸ್ ಅಲುಗಿರುತ್ತದೆ. ದಪ್ಪನೆಯ, ಗಂಧಕದ ವಾಸನೆ ಬರುವ ಎಣ್ಣೆ ಗೇರ್‌ಬಾಕ್ಸ್‌ನದು, ಈ ಕೆಲಸಕ್ಕೆ ಸಂಬಂಧಿಸಿದ್ದಲ್ಲ. ಬಣ್ಣ, ವಾಸನೆ ಇಲ್ಲದ ಶುದ್ಧ ನೀರು ಏಸಿಯದು. ಅದನ್ನು ಮರೆತುಬಿಡಿ.

ಆಯಿಲ್ ಎಂದು ಖಚಿತವಾದರೆ, ಸಮತಟ್ಟಾದ ಜಾಗದಲ್ಲಿ ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಒರೆಸಿ, ಮತ್ತೆ ಇಳಿಸಿ, ಓದಿ. ಅದರ ಮೇಲಿನ ಎರಡು ಗುರುತುಗಳ ನಡುವಿನ ಅಂತರ ಬಹುತೇಕ ಕಾರುಗಳಲ್ಲಿ ಸುಮಾರು 1 ಲೀಟರ್. ಆ ಮಟ್ಟವನ್ನೂ ಕಿಲೋಮೀಟರ್ ಅಂಕಿಯನ್ನೂ ಬರೆದಿಡಿ. ಆಮೇಲಿನ ಎಲ್ಲ ತೀರ್ಮಾನಕ್ಕೂ ಈ ಒಂದು ಸಾಲಿನ ಲೆಕ್ಕ ಆಧಾರ. ಮಟ್ಟ ಮೇಲಿನ ಗುರುತನ್ನು ದಾಟಿದ್ದರೆ ಯಾರೋ ಹೆಚ್ಚು ಸುರಿದಿದ್ದಾರೆ, ಇಲ್ಲವೇ ಕೂಲೆಂಟ್ ಒಳಗೆ ಸೇರುತ್ತಿದೆ. ಎರಡನೆಯದರ ಬಗ್ಗೆ ಮುಂದೆ ಇದೆ, ತಪ್ಪದೆ ಓದಿ.

ಮೊದಲೆರಡು ದಿನ ತೊಟ್ಟಿಕ್ಕಿತು, ಈಗ ಕಡಿಮೆಯಾಗುತ್ತಿದೆ

ಇದು ಬಹುತೇಕ ಹೊಸ ಸೋರಿಕೆಯೇ ಅಲ್ಲ. ವರ್ಷಗಳಿಂದ ಎಂಜಿನ್ ಮೈಗೆ ಧೂಳಿನೊಂದಿಗೆ ಹೆಪ್ಪುಗಟ್ಟಿದ್ದ ಹಳೆಯ ಆಯಿಲ್, ಪಂಪ್ ಬಿಚ್ಚುವಾಗ ಲೀಟರ್‌ಗಟ್ಟಲೆ ಸುರಿದ ಕೂಲೆಂಟ್‌ನಿಂದ ಸಡಿಲಗೊಂಡು ಇಳಿಯುತ್ತಿರುತ್ತದೆ. ಮೆಕ್ಯಾನಿಕ್ ಪೆಟ್ರೋಲ್ ಅಥವಾ ಡೀಸೆಲ್ ಹಚ್ಚಿ ಬ್ರಷ್‌ನಲ್ಲಿ ತೊಳೆದಿದ್ದರೂ ಹೀಗೇ. ಮೊದಲೇ ಸ್ವಲ್ಪ ಸೋರುತ್ತಿದ್ದ ಜಾಗಕ್ಕೆ ಆ ಕೊಳೆಯೇ ಅಡ್ಡಗಟ್ಟಿದ್ದರೆ, ಅದು ಹೋದ ಮೇಲೆ ಹಳೆಯ ಸೋರಿಕೆ ಬಯಲಾಗುವುದೂ ಉಂಟು. ಅದಕ್ಕೆ ಮೆಕ್ಯಾನಿಕ್ಕನ್ನು ದೂರುವುದು ನ್ಯಾಯವಲ್ಲ.

ಖಚಿತಪಡಿಸಿಕೊಳ್ಳಲು ಸ್ವಚ್ಛ ಮಾಡಲೇಬೇಕು. ಈ ಇಡೀ ಬರಹದಲ್ಲಿ ಅತ್ಯಂತ ಮುಖ್ಯವಾದ, ಅತ್ಯಂತ ಹೆಚ್ಚು ಜನ ಬಿಟ್ಟುಬಿಡುವ ಹೆಜ್ಜೆ ಇದು. ಅಂಗಡಿಯಲ್ಲಿ ಸಿಗುವ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ) ಸಿಂಪಡಿಸಿ, ಬ್ರಷ್‌ನಲ್ಲಿ ಉಜ್ಜಿ, ಕಡಿಮೆ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿ. ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್, ವೈರ್ ಸಾಕೆಟ್‌ಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಟೈಮಿಂಗ್ ಕವರ್‌ನ ಸಂದುಗಳಿಗೆ ಡಿಗ್ರೀಸರ್ ಹೊಡೆಯಬೇಡಿ, ಅದು ಬೆಲ್ಟ್‌ಗೆ ಒಳ್ಳೆಯದಲ್ಲ. ಪೆಟ್ರೋಲ್‌ನಿಂದ ತೊಳೆಯುವ ಅಭ್ಯಾಸ ನಮ್ಮಲ್ಲಿದೆ; ಬೆಂಕಿಯ ಅಪಾಯ ನಿಜ, ಅದನ್ನು ನಾನು ಒಪ್ಪುವುದಿಲ್ಲ.

ಒಣಗಿದ ಮೇಲೆ ಅನುಮಾನವಿರುವ ಜಾಗಗಳಿಗೆ ಮೈಗೆ ಹಚ್ಚುವ ಪೌಡರ್ ಉದುರಿಸಿ. ಕಾರಿನ ಕೆಳಗೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಮುಂದಿನ ಚಕ್ರ ಎಲ್ಲಿದೆಯೆಂದು ಗುರುತಿಡಿ. ಐದು ಕಿಲೋಮೀಟರ್ ಓಡಿಸಿ ಬಂದು ಅದೇ ಗುರುತಿಗೆ ನಿಲ್ಲಿಸಿ, ಟಾರ್ಚ್ ಹಿಡಿದು ನೋಡಿ. ಪೌಡರ್ ಮೇಲೆ ಆಯಿಲ್ ಕಪ್ಪು ಗೆರೆಯಾಗಿ ಮೂಡಿರುತ್ತದೆ. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಓಡುವಾಗಿನ ಗಾಳಿಗೆ ಹಿಂದಕ್ಕೂ ತಳ್ಳಲ್ಪಡುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಅತಿ ಮೇಲಿನದು, ಅತಿ ಮುಂದಿನದು ಯಾವುದೋ ಅದೇ ಮೂಲ. ನೆಲದ ಕಲೆಯ ನೇರ ಮೇಲಿರುವ ಭಾಗವನ್ನೇ ಅಪರಾಧಿ ಎನ್ನಬೇಡಿ.

ಪೌಡರ್ ಮೂರು ದಿನದ ಓಡಾಟದ ನಂತರವೂ ಒಣಗಿಯೇ ಇದ್ದರೆ, ಡಿಪ್‌ಸ್ಟಿಕ್ ಮಟ್ಟ ಇಳಿಯದಿದ್ದರೆ, ಕೆಲಸ ಮುಗಿಯಿತು. ಏನನ್ನೂ ಬಿಚ್ಚಬೇಡಿ.

ಡಿಪ್‌ಸ್ಟಿಕ್ ಕೊಳವೆಯ ಬುಡದಲ್ಲಿ ಒದ್ದೆ

ಮೇಲೆ ಹೇಳಿದ ಮಾರುತಿಗಳಲ್ಲಿ ನಾನು ಮೊದಲು ಟಾರ್ಚ್ ಹಾಕುವುದು ಇಲ್ಲಿಗೇ. ಪಂಪ್ ತೆಗೆಯಲು ಈ ಕೊಳವೆಯನ್ನು ಕೀಳಬೇಕು, ಕೆಲಸ ಮುಗಿದ ಮೇಲೆ ಮತ್ತೆ ಒತ್ತಿ ಕೂರಿಸಬೇಕು. ಅದರ ಕೆಳತುದಿಯಲ್ಲಿ ಒಂದು ಸಣ್ಣ ರಬ್ಬರ್ ಓ-ರಿಂಗ್ ಇರುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಅದು ಪ್ಲಾಸ್ಟಿಕ್ಕಿನಷ್ಟು ಗಟ್ಟಿಯಾಗಿರುತ್ತದೆ. ಅದನ್ನೇ ಮರಳಿ ಹಾಕಿದರೆ ಹಿಡಿಯುವುದಿಲ್ಲ. ಕೀಳುವಾಗ ತುಂಡಾಗಿ ಅರ್ಧ ಒಳಗೇ ಉಳಿದಿರಲೂಬಹುದು. ಇನ್ನು ಕೆಲವೊಮ್ಮೆ ಓ-ರಿಂಗ್ ಚೆನ್ನಾಗಿದ್ದು, ಕೊಳವೆಯನ್ನು ಬ್ರಾಕೆಟ್‌ಗೆ ಹಿಡಿಯುವ ಬೋಲ್ಟ್ ಹಾಕಿರುವುದಿಲ್ಲ. ಕೊಳವೆ ಅಲುಗುತ್ತಾ ಸೋರುತ್ತದೆ.

ಪರೀಕ್ಷೆ ಸುಲಭ. ತಣ್ಣಗಿನ ಎಂಜಿನ್‌ನಲ್ಲಿ ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಅಲುಗಿದರೆ ಬೋಲ್ಟ್ ನೋಡಿ. ಅಲುಗದೆ ಬುಡ ಮಾತ್ರ ಒದ್ದೆಯಿದ್ದರೆ ಓ-ರಿಂಗ್ ಬದಲಿಸಿ. ಹೊಸದಕ್ಕೆ ಸ್ವಲ್ಪ ಆಯಿಲ್ ಸವರಿ ನೇರವಾಗಿ ಒತ್ತಬೇಕು. ಓರೆಯಾಗಿ ಒತ್ತಿದರೆ ಅಂಚು ಕತ್ತರಿಸಿಹೋಗುತ್ತದೆ. ಕೆಲವೇ ರೂಪಾಯಿಯ ಭಾಗ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ ಕಾರಿನ ಮಾದರಿ ಹೇಳಿ, ಹಳೆಯ ಓ-ರಿಂಗ್ ಕೈಯಲ್ಲಿ ಹಿಡಿದು ಹೋಗಿ. ಕಣ್ಣಳತೆಯಲ್ಲಿ ‘ಇದೇ ಆಗುತ್ತದೆ’ ಎಂದು ಕೊಡುವ ನೀರಿನ ನಲ್ಲಿಯ ರಬ್ಬರ್ ಬೇಡ. ಬಿಸಿ ಆಯಿಲ್‌ನಲ್ಲಿ ಅದು ಉಬ್ಬಿ ಹಾಳಾಗುತ್ತದೆ.

ಇದೇ ಎಂಜಿನ್‌ಗಳಲ್ಲಿ ವಾಟರ್ ಪಂಪ್‌ಗೂ ಆಯಿಲ್ ಪಂಪ್‌ಗೂ ನಡುವೆ, ವಾಟರ್ ಪಂಪ್‌ಗೂ ಹೆಡ್‌ಗೂ (ಎಂಜಿನ್‌ನ ಮೇಲ್ಭಾಗ) ನಡುವೆ ಎರಡು ರಬ್ಬರ್ ತುಂಡುಗಳಿರುತ್ತವೆ. ಅವು ಆಯಿಲ್ ತಡೆಯಲು ಇರುವುದಲ್ಲ. ಬೆಲ್ಟ್ ಇರುವ ಜಾಗಕ್ಕೆ ಧೂಳು, ನೀರು ನುಗ್ಗದಿರಲಿ ಎಂದು. ಹಳೆಯ ಪಂಪ್‌ನ ಜೊತೆ ಅವೂ ಕಸಕ್ಕೆ ಹೋಗಿಲ್ಲವೇ ಎಂದು ಕೇಳಿ ನೋಡಿ.

ಸುಟ್ಟ ವಾಸನೆ, ಬಾನೆಟ್ ಸಂದಿನಿಂದ ನೀಲಿ ಹೊಗೆ

ಆಯಿಲ್ ಬಿಸಿ ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲೆ ಬೀಳುತ್ತಿದೆ. ಸಾಮಾನ್ಯ ಮೂಲ ಟ್ಯಾಪೆಟ್ ಕವರ್‌ನ, ಅಂದರೆ ಎಂಜಿನ್‌ನ ಮೇಲಿನ ಮುಚ್ಚಳದ ಪ್ಯಾಕಿಂಗ್. ಟೈಮಿಂಗ್ ಗುರುತು ಹೊಂದಿಸುವಾಗ ಅಥವಾ ಟ್ಯಾಪೆಟ್ ಸೆಟ್ ಮಾಡುವಾಗ ಆ ಕವರ್ ತೆಗೆದಿದ್ದರೆ ಹಳೆಯ ಪ್ಯಾಕಿಂಗ್ ಮತ್ತೆ ಸರಿಯಾಗಿ ಕೂರದಿರಬಹುದು. ಕವರ್‌ನ ಸುತ್ತ ಬೆರಳಾಡಿಸಿ. ಹಿಂಬದಿಯನ್ನು ನೋಡಲು ಸಣ್ಣ ಕನ್ನಡಿ ಅಥವಾ ಮೊಬೈಲ್ ಕ್ಯಾಮೆರಾ ಬಳಸಿ. ನಟ್‌ಗಳು ಸಡಿಲವಿದ್ದರೆ ಸಮನಾಗಿ, ಮೆಲ್ಲಗೆ ಬಿಗಿ ಮಾಡಿ. ಅದಕ್ಕೂ ನಿಲ್ಲದಿದ್ದರೆ ಹೊಸ ಪ್ಯಾಕಿಂಗ್ ಹಾಕಿ. ಬಲವಂತವಾಗಿ ಇನ್ನೂ ಬಿಗಿದರೆ ಕವರ್ ಬಾಗಿ ಸೋರಿಕೆ ಹೆಚ್ಚುತ್ತದೆ.

ಕೆಲಸ ಮುಗಿದ ದಿನ ಮಾತ್ರ ಹೊಗೆ ಬಂದು ನಿಂತರೆ ಅದು ಚೆಲ್ಲಿದ ಆಯಿಲ್ ಅಥವಾ ಕೂಲೆಂಟ್ ಉರಿದದ್ದು. ಹೊಗೆ ದಿನದಿನಕ್ಕೆ ಹೆಚ್ಚುತ್ತಿದ್ದರೆ ಕಾರು ಓಡಿಸಬೇಡಿ, ಬೆಂಕಿ ಹೊತ್ತುವ ಸಾಧ್ಯತೆ ಇದೆ.

ಟೈಮಿಂಗ್ ಕವರ್‌ನ ಕೆಳ ಅಂಚಿನಿಂದ ಆಯಿಲ್ ತೊಟ್ಟಿಕ್ಕುತ್ತಿದೆ

ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ, ಸೋರಿಕೆ ದಿನಕ್ಕೆ ನಾಲ್ಕೇ ಹನಿ ಇದ್ದರೂ. ಟೈಮಿಂಗ್ ಬೆಲ್ಟ್ ರಬ್ಬರಿನದು. ಆಯಿಲ್ ನೆನೆದರೆ ರಬ್ಬರ್ ಮೆತ್ತಗಾಗಿ ಉಬ್ಬುತ್ತದೆ, ಹಲ್ಲುಗಳು ಕೀಳುತ್ತವೆ. ಬೆಲ್ಟ್ ಹಲ್ಲು ಜಾರಿದರೆ ಅಥವಾ ತುಂಡಾದರೆ ಎಂಜಿನ್ ನಡುದಾರಿಯಲ್ಲಿ ನಿಲ್ಲುತ್ತದೆ. ಕೆಲವು ವಿನ್ಯಾಸಗಳಲ್ಲಿ ಪಿಸ್ಟನ್ ಬಡಿದು ವಾಲ್ವ್‌ಗಳು ಬಾಗುತ್ತವೆ. ಕೆಲವು ನೂರು ರೂಪಾಯಿಯ ಸೀಲ್‌ಗಾಗಿ ಹೆಡ್ ಬಿಚ್ಚಿಸುವ ಸ್ಥಿತಿ ಯಾರಿಗೂ ಬರಬಾರದು.

ಆ ಕವರ್‌ನ ಹಿಂದೆ ಎರಡು ಮುಖ್ಯ ಆಯಿಲ್ ಸೀಲ್‌ಗಳಿವೆ (ತಿರುಗುವ ಶಾಫ್ಟ್ ಸುತ್ತ ಆಯಿಲ್ ತಡೆಯುವ ರಬ್ಬರ್ ಉಂಗುರಗಳು): ಮೇಲೆ ವಾಲ್ವ್‌ಗಳನ್ನು ನಡೆಸುವ ಕ್ಯಾಮ್‌ಶಾಫ್ಟ್‌ನದು, ಕೆಳಗೆ ಪಿಸ್ಟನ್‌ಗಳಿಂದ ತಿರುಗುವ ಕ್ರ್ಯಾಂಕ್‌ಶಾಫ್ಟ್‌ನದು. ಕವರ್‌ನ ಮೇಲ್ಭಾಗದ ಬೋಲ್ಟ್‌ಗಳನ್ನು ಬಿಚ್ಚಿ ಅಂಚನ್ನು ತುಸು ಸರಿಸಿ ಟಾರ್ಚ್ ಹಾಕಿ. ಕ್ಯಾಮ್ ಗೇರ್‌ನ ಹಿಂಬದಿ, ಒಳಗೋಡೆ, ಬೆಲ್ಟ್‌ನ ಮೇಲ್ಭಾಗ ಒದ್ದೆಯಿದ್ದರೆ ಕ್ಯಾಮ್ ಸೀಲ್. ಮೇಲೆಲ್ಲ ಧೂಳು ಒಣಗಿದ್ದು ಕೆಳಗೆ ಮಾತ್ರ ಜಿಡ್ಡಿದ್ದರೆ ಕ್ರ್ಯಾಂಕ್ ಸೀಲ್, ಅಥವಾ ಅದನ್ನು ಹಿಡಿದಿರುವ ಆಯಿಲ್ ಪಂಪ್‌ನ ಪ್ಯಾಕಿಂಗ್. ಒಂದು ಎಚ್ಚರ: ಓಡುವ ಬೆಲ್ಟ್ ಆಯಿಲನ್ನು ಎಲ್ಲ ಕಡೆ ಎರಚುತ್ತದೆ, ಆದ್ದರಿಂದ ತಡಮಾಡಿ ನೋಡಿದಷ್ಟೂ ಗೊಂದಲ ಹೆಚ್ಚು.

ಪಂಪ್ ಹಾಕುವಾಗ ಈ ಸೀಲ್‌ಗಳಿಗೆ ಏಕೆ ಪೆಟ್ಟು ಬೀಳುತ್ತದೆ? ಕ್ರ್ಯಾಂಕ್‌ನ ಪುಲ್ಲಿಯನ್ನಷ್ಟೇ ತೆಗೆದಿದ್ದರೆ ಸೀಲ್‌ಗೆ ಕೈ ತಾಗಿರುವುದಿಲ್ಲ. ಹಲ್ಲಿನ ಗೇರನ್ನೂ ಸ್ಕ್ರೂಡ್ರೈವರ್‌ನಿಂದ ಮೀಟಿ ಹೊರತೆಗೆದಿದ್ದರೆ ಸೀಲ್‌ನ ತುಟಿಗೆ ಗೀರು ಬಿದ್ದಿರಬಹುದು. ಮೆಕ್ಯಾನಿಕ್ ಮುಂದಾಲೋಚನೆಯಿಂದ ಹೊಸ ಸೀಲ್ ಹಾಕಿದ್ದರೂ, ಒಣ ತುಟಿಯನ್ನು ಆಯಿಲ್ ಸವರದೆ ಒತ್ತಿದರೆ, ಓರೆಯಾಗಿ ಬಡಿದರೆ, ಶಾಫ್ಟ್ ಮೇಲೆ ಹಳೆಯ ಸೀಲ್ ಸವೆದು ಮಾಡಿದ ಗೆರೆಯ ಮೇಲೇ ಹೊಸದನ್ನು ಕೂರಿಸಿದರೆ ಅದು ಬೇಗನೆ ಸೋರುತ್ತದೆ. ಗೆರೆ ಆಳವಾಗಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿ ತುಟಿಗೆ ಹೊಸ ಜಾಗ ಕೊಡುವುದು ಅನುಭವಿಗಳ ಉಪಾಯ.

ಸೀಲ್ ಬದಲಿಸುವ ಮೊದಲು ಇನ್ನೊಂದನ್ನು ಪರಿಶೀಲಿಸಿ. ಟ್ಯಾಪೆಟ್ ಕವರ್‌ನಿಂದ ಇನ್‌ಟೇಕ್ ಕಡೆ ಹೋಗುವ ಉಸಿರಾಟದ ಹೋಸ್ ಕೆಲಸದ ವೇಳೆ ಮಡಚಿಕೊಂಡಿದೆಯೇ, ಕಟ್ಟಿಕೊಂಡಿದೆಯೇ? ಒಳಗಿನ ಒತ್ತಡ ಹೊರಬರಲು ದಾರಿ ಇಲ್ಲದಿದ್ದರೆ ಅದು ಒಳ್ಳೆಯ ಸೀಲಿನಿಂದಲೂ ಆಯಿಲನ್ನು ತಳ್ಳುತ್ತದೆ. ಹೋಸ್ ತೆಗೆದು ಊದಿ ನೋಡಿ. ಇದನ್ನು ಬಿಟ್ಟು ಸೀಲ್ ಮೇಲೆ ಸೀಲ್ ಹಾಕಿಸಿದವರಿದ್ದಾರೆ.

ಸೀಲ್ ಬದಲಾವಣೆ ಮನೆಯ ಕೆಲಸವಲ್ಲ, ಟೈಮಿಂಗ್ ಗುರುತು ಒಂದು ಹಲ್ಲು ತಪ್ಪಿದರೂ ಎಂಜಿನ್ ಸರಿಯಾಗಿ ಓಡುವುದಿಲ್ಲ. ಆಯಿಲ್ ನೆನೆದ ಬೆಲ್ಟನ್ನು ಒರೆಸಿ ಮತ್ತೆ ಹಾಕಲು ಬಿಡಬೇಡಿ. ಪಂಪ್ ಜೊತೆ ಹಾಕಿದ ಹೊಸ ಬೆಲ್ಟ್ ಆಗಿದ್ದರೂ ಬದಲಿಸಿ.

ಕೆಳಗೆ ಚೇಂಬರ್, ಫಿಲ್ಟರ್ ಸುತ್ತ ಒದ್ದೆ

ಎಂಜಿನ್ ಮೌಂಟಿಂಗ್ ಬಿಚ್ಚುವ ಕಾರುಗಳಲ್ಲಿ ಎಂಜಿನ್‌ಗೆ ಕೆಳಗಿನಿಂದ ಜಾಕ್ ಕೊಡುತ್ತಾರೆ. ನಡುವೆ ಮರದ ಹಲಗೆ ಇಡದೆ ಆಯಿಲ್ ಚೇಂಬರ್‌ಗೇ (ಎಂಜಿನ್‌ನ ತಳದಲ್ಲಿ ಆಯಿಲ್ ನಿಲ್ಲುವ ತಗಡಿನ ತಟ್ಟೆ) ಕೊಟ್ಟರೆ ತಗಡು ತಗ್ಗಿ, ಅಂಚಿನ ಪ್ಯಾಕಿಂಗ್ ಸರಿಯುತ್ತದೆ. ಚೇಂಬರ್‌ನ ತಳದಲ್ಲಿ ಹೊಸ ತಗ್ಗು ಕಂಡರೆ ಕಾರಣ ಸಿಕ್ಕಂತೆ. ಅಂಚಿನ 6 ಮಿ.ಮೀ. ಬೋಲ್ಟ್‌ಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿ ಸಾಕು, ಸಣ್ಣ ಸ್ಪ್ಯಾನರ್‌ನ ಮಣಿಕಟ್ಟಿನ ಬಲವಷ್ಟೇ. ಪ್ಯಾಕಿಂಗ್ ಪೇಸ್ಟ್ ಮೆತ್ತುವವರಿದ್ದರೆ ತೆಳುವಾಗಿ ಹಚ್ಚಲು ಹೇಳಿ. ಒಳಗೆ ಹಿಂಡಿಬಂದ ಪೇಸ್ಟ್ ತುಂಡಾಗಿ ಆಯಿಲ್ ಪಂಪ್‌ನ ಜರಡಿಗೆ ಅಂಟಿ ಆಯಿಲ್ ಹರಿವನ್ನೇ ಕಟ್ಟಬಲ್ಲದು. ಹೊರಗಿನಿಂದ ಪೇಸ್ಟ್ ಸವರಿ ಸೋರಿಕೆ ನಿಲ್ಲಿಸುವುದು ಆಗದ ಮಾತು.

ಅದೇ ದಿನ ಆಯಿಲನ್ನೂ ಬದಲಿಸಿದ್ದರೆ ಫಿಲ್ಟರ್ ನೋಡಿ. ಹಳೆಯ ಫಿಲ್ಟರ್‌ನ ರಬ್ಬರ್ ವೃತ್ತ ಎಂಜಿನ್‌ಗೆ ಅಂಟಿಕೊಂಡೇ ಉಳಿದು ಅದರ ಮೇಲೆ ಹೊಸದು ಕೂತರೆ, ಸ್ವಲ್ಪ ಹೊತ್ತಿನಲ್ಲಿ ಆಯಿಲ್ ರಭಸದಿಂದ ಹೊರಬರುತ್ತದೆ. ಡ್ರೈನ್ ಬೋಲ್ಟ್‌ನ ವಾಷರ್ ಹೊಸದೇ ಎಂದು ಕೇಳಿ. ಆಯಿಲ್ ಪ್ರೆಷರ್ ಸ್ವಿಚ್‌ನ ಪ್ಲಾಸ್ಟಿಕ್ ತಲೆಯಿಂದ ಆಯಿಲ್ ಒಸರುತ್ತಿದ್ದರೆ ಸ್ವಿಚ್ಚನ್ನೇ ಬದಲಿಸಬೇಕು.

ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಆಯಿಲ್ ದೀಪ ಹೊತ್ತಿತು

ಎಂಜಿನ್ ಓಡುವಾಗ ಹೊತ್ತಿದರೆ ಕೂಡಲೇ ರಸ್ತೆ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ. ‘ಮುಂದಿನ ಊರಿನ ತನಕ’ ಎನ್ನಬೇಡಿ. ಆಯಿಲ್ ಒತ್ತಡವಿಲ್ಲದೆ ಬೇರಿಂಗ್‌ಗಳು ಹೆಚ್ಚು ಹೊತ್ತು ತಾಳುವುದಿಲ್ಲ. ಮಟ್ಟ ಸರಿಯಿದ್ದು ದೀಪ ಮಾತ್ರ ಹೊತ್ತಿದರೆ ಸ್ವಿಚ್‌ನ ವೈರ್ ದೋಷವಿರಬಹುದು, ಆದರೆ ಅದನ್ನು ಒತ್ತಡ ಅಳೆಯುವ ಗೇಜ್ ಹಾಕಿ ಹೇಳಬೇಕೇ ಹೊರತು ಊಹಿಸಿ ಅಲ್ಲ. ಟೋಯಿಂಗ್ ವಾಹನ ಕರೆಸಿ.

ಆಯಿಲ್ ಮುಚ್ಚಳದ ಒಳಗೆ ಬಿಳಿ ಜಿಡ್ಡು, ಕೂಲೆಂಟ್ ಕಾಣೆಯಾಗುತ್ತಿದೆ

ಹಳೆಯ ಪಂಪ್ ಕೆಟ್ಟಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿತ್ತೇ? ಹೌದಾದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಪ್ಯಾಕಿಂಗ್) ಬೆಂದಿರಬಹುದು, ಅಲ್ಯೂಮಿನಿಯಂ ಹೆಡ್ ಬಾಗಿರಬಹುದು. ಹೊಸ ಪಂಪ್ ಆ ಗಾಯವನ್ನು ಮಾಯಿಸುವುದಿಲ್ಲ. ಹೆಡ್‌ಗೂ ಬ್ಲಾಕ್‌ಗೂ ನಡುವಿನ ಗೆರೆಯಿಂದ ಆಯಿಲ್ ಹೊರಗೆ ಒಸರುವುದು ಇದರ ಒಂದು ರೂಪ. ಅದಕ್ಕಿಂತ ಕೆಟ್ಟದ್ದು ಒಳಗೇ ಬೆರೆಯುವುದು: ಡಿಪ್‌ಸ್ಟಿಕ್‌ಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಆಯಿಲ್ ಅಂಟುತ್ತದೆ, ಮಟ್ಟ ಏರುತ್ತದೆ, ಸೈಲೆನ್ಸರ್‌ನಿಂದ ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲುವುದಿಲ್ಲ, ರೇಡಿಯೇಟರ್‌ನಲ್ಲಿ ಗುಳ್ಳೆಗಳು ಏಳುತ್ತಲೇ ಇರುತ್ತವೆ.

ಮಳೆಗಾಲದಲ್ಲಿ, ಚಿಕ್ಕ ಚಿಕ್ಕ ದೂರವಷ್ಟೇ ಓಡುವ ಕಾರುಗಳಲ್ಲಿ ಮುಚ್ಚಳದಡಿ ತುಸು ಬಿಳಿ ತೇವ ಕಟ್ಟುವುದು ಸಹಜ. ಡಿಪ್‌ಸ್ಟಿಕ್ ಶುದ್ಧವಾಗಿದ್ದು ಕೂಲೆಂಟ್ ಮಟ್ಟ ಕದಲದಿದ್ದರೆ ಹೆದರಬೇಕಿಲ್ಲ. ಆದರೆ ಡಿಪ್‌ಸ್ಟಿಕ್ಕೇ ಬಿಳಿಯಾಗಿದ್ದರೆ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ. ನೀರು ಬೆರೆತ ಆಯಿಲ್ ಬೇರಿಂಗ್‌ಗಳನ್ನು ಕಾಪಾಡುವುದಿಲ್ಲ. ಗ್ಯಾರೇಜಿನಲ್ಲಿ ಕೂಲಿಂಗ್ ವ್ಯವಸ್ಥೆಗೆ ಒತ್ತಡ ಕೊಟ್ಟು ಪರೀಕ್ಷಿಸಲು, ಹೆಡ್ ಬಿಚ್ಚಿದರೆ ಅದರ ಮೈ ಸಮತಟ್ಟಾಗಿದೆಯೇ ಎಂದು ಅಳೆದು ತೋರಿಸಲು ಹೇಳಿ.

ಟೈಮಿಂಗ್ ಚೈನ್ ಇರುವ ಎಂಜಿನ್ ಆದರೆ

ಇಲ್ಲಿ ಲೆಕ್ಕ ಬೇರೆ. ಚೈನ್ ಆಯಿಲ್‌ನಲ್ಲೇ ಓಡುತ್ತದೆ, ಹಾಗಾಗಿ ಮುಂದಿನ ಕವರ್‌ನ ಒಳಗೆ ಆಯಿಲ್ ಇರುವುದು ಸಹಜ. ಪಂಪ್ ಹೊರಗಿದ್ದು ಬೆಲ್ಟ್‌ನಿಂದ ತಿರುಗುವಂಥದ್ದಾದರೆ ಆ ಕವರ್ ಬಿಚ್ಚುವ ಅಗತ್ಯವೇ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಪಂಪ್‌ನ ಯಾವುದಾದರೂ ಬೋಲ್ಟ್ ಕವರ್ ದಾಟಿ ಒಳಕ್ಕೆ ಹೋಗುತ್ತಿದ್ದರೆ ಅದರ ಎಳೆಗಳ ಗುಂಟ ಆಯಿಲ್ ಬರಬಲ್ಲದು. ಆ ಬೋಲ್ಟ್‌ಗೆ ಸೀಲೆಂಟ್ ಬೇಕು. ಪಂಪ್ ಕವರ್‌ನ ಒಳಗೇ ಇರುವ ಎಂಜಿನ್‌ಗಳೂ ಇವೆ. ಅಲ್ಲಿ ಕೂಲೆಂಟ್ ಸೋರಿದರೆ ನೇರ ಆಯಿಲ್‌ಗೆ ಬೀಳುವುದರಿಂದ, ಬಿಳಿ ಡಿಪ್‌ಸ್ಟಿಕ್ ಕಂಡಾಗ ಹೆಡ್ ಗ್ಯಾಸ್ಕೆಟ್ ಜೊತೆ ಪಂಪನ್ನೂ ಅನುಮಾನಿಸಬೇಕು.

ಗ್ಯಾರೇಜಿಗೆ ಮರಳಿ ಹೋಗುವಾಗ

ಸ್ವಚ್ಛ ಮಾಡಿದ ನಂತರ ತೆಗೆದ ಫೋಟೊ, ಸೋರಿಕೆ ಮೂಡಿದ ಮೇಲಿನ ಫೋಟೊ, ಡಿಪ್‌ಸ್ಟಿಕ್ ಮಟ್ಟ ಮತ್ತು ಕಿಲೋಮೀಟರ್ ಬರೆದ ಚೀಟಿ ಜೊತೆಗಿರಲಿ. ‘ನೀವು ಹಾಳು ಮಾಡಿದಿರಿ’ ಎಂದು ಶುರು ಮಾಡುವ ಬದಲು ‘ಪಂಪ್ ತೆಗೆಯುವಾಗ ಏನೇನು ಬಿಚ್ಚಿದಿರಿ, ಯಾವ ಓ-ರಿಂಗ್, ಸೀಲ್ ಹೊಸದು ಹಾಕಿದಿರಿ?’ ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಅಲ್ಲೇ ಸಾಧ್ಯತೆಯನ್ನು ಹೇಳುತ್ತಾರೆ. ಬಿಲ್‌ನಲ್ಲಿ ಸೀಲ್, ಓ-ರಿಂಗ್‌ಗಳ ಹೆಸರೇ ಇಲ್ಲದಿದ್ದರೆ ಹಳೆಯವೇ ಮರಳಿ ಹೋಗಿರುವ ಸಂಭವ ಹೆಚ್ಚು.

ಸೋರಿಕೆಯ ಜಾಗವನ್ನು ಕಣ್ಣಿಗೆ ತೋರಿಸಿದ ನಂತರವೇ ಬಿಚ್ಚಲು ಒಪ್ಪಿಗೆ ಕೊಡಿ. ಕಾಣದೇ ಹೋದರೆ ಆಯಿಲ್‌ಗೆ ಬೆರೆಸುವ, ನೇರಳಾತೀತ ದೀಪದಲ್ಲಿ ಹೊಳೆಯುವ ಬಣ್ಣ ಹಾಕಿ ಹುಡುಕಲು ಹೇಳಿ. ಟೈಮಿಂಗ್ ಕವರ್ ಮತ್ತೆ ಬಿಚ್ಚುವುದಾದರೆ ಕ್ಯಾಮ್, ಕ್ರ್ಯಾಂಕ್ ಎರಡೂ ಸೀಲ್‌ಗಳನ್ನು ಒಮ್ಮೆಗೇ ಬದಲಿಸಿಕೊಳ್ಳಿ. ಕೂಲಿ ಒಂದೇ, ಭಾಗಗಳು ಅಗ್ಗ. ಬಿಚ್ಚಿದ ಹಳೆಯ ಸೀಲ್‌ಗಳನ್ನು ಕೇಳಿ ತೆಗೆದುಕೊಂಡು ತುಟಿಯ ಮೇಲೆ ಗೀರಿದೆಯೇ ನೋಡಿ. ಗೀರಿದ್ದರೆ ಕಾರಣ ಅದೇ, ಇಲ್ಲದಿದ್ದರೆ ಉಸಿರಾಟದ ಹೋಸನ್ನು ಇನ್ನೊಮ್ಮೆ ಪರೀಕ್ಷಿಸಿದ ಮೇಲೆಯೇ ಕವರ್ ಮುಚ್ಚಿಸಿ.